ಹಾವು ಉಳಿಸಲು ಮರ ಕಡಿಯುವವರು

ಮರ ನೆಡುವುದು ಪುಣ್ಯದ ಕೆಲಸ, ಕಡಿಯುವುದು ಪಾಪದ ಕೆಲಸ. ಶಾಲೆಯಲ್ಲಿ ಪರಿಸರ ದಿನಾಚರಣೆ ಅಂತ ನಮಗೆ ಹೇಳಿಕೊಟ್ಟಿದ್ದು ಹೆಚ್ಚುಕಡಿಮೆ ಇಷ್ಟೇ. ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್, ಸರ್ರೆ ಕಡೆ ಪ್ರತಿ ಚಳಿಗಾಲ ನಡೆಯುವುದು ಇದಕ್ಕೆ ಪೂರಾ ಉಲ್ಟಾ. ನಿವೃತ್ತರು, ಕಾಲೇಜು ಹುಡುಗರು, ರಜೆ ಇರುವ ಆಫೀಸಿನವರು, ಹೀಗೆ ಹತ್ತಿಪ್ಪತ್ತು ಜನ ಬೆಳಿಗ್ಗೆ ಬಯಲಿನಲ್ಲಿ ಬಂದು ಸೇರುತ್ತಾರೆ. ಕೈಗೆ ದಪ್ಪ ಗ್ಲೌಸು, ಗರಗಸ, ಉದ್ದ ಹಿಡಿಯ ಕತ್ತರಿ. ಎಳೆಯ ಪೈನ್, ಬರ್ಚ್ ಮರಗಳನ್ನು ಕಡಿಯುತ್ತಾರೆ, ಎಳೆಯುತ್ತಾರೆ, ರಾಶಿ ಹಾಕುತ್ತಾರೆ. ನಡುವೆ ಫ್ಲಾಸ್ಕಿನ ಟೀ, ಬಿಸ್ಕೆಟ್. ಸಂಬಳ ಇಲ್ಲ. ಇಷ್ಟೆಲ್ಲ ಯಾರಿಗಾಗಿ ಅಂದರೆ, ಹಾವು ಹಲ್ಲಿಗಳಿಗಾಗಿ.

ತಮಾಷೆ ಅನಿಸಬಹುದು. ಆದರೆ ಇದರ ಹಿಂದಿನ ಲೆಕ್ಕ ಸರಿಯಾಗಿದೆ. ಆ ಲೆಕ್ಕ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ನೋಡುವುದು ನಮಗೂ ಒಳ್ಳೆಯದು, ಯಾಕೆಂದರೆ ಜೂನ್ ಬಂತೆಂದರೆ ಸಸಿ ಹಿಡಿದು ಫೋಟೋಗೆ ನಿಲ್ಲುವ ಜನ ನಾವು.

ಸರೀಸೃಪಗಳ ಮೈ ನಮ್ಮ ಮೈಯಂತೆ ಒಳಗಿನಿಂದ ಬಿಸಿಯಾಗುವುದಿಲ್ಲ. ಬಿಸಿಲು ಕಾಯಿಸಿಕೊಂಡರೆ ಮಾತ್ರ ಓಡಾಟ, ಬೇಟೆ, ಜೀರ್ಣ, ಬಸಿರು, ಎಲ್ಲ. ಬ್ರಿಟನ್ನಿನಲ್ಲಿ ಸಿಗದೇ ಇರುವುದು ಅದೇ. ಅಲ್ಲಿನ ಮುಖ್ಯ ದ್ವೀಪದ ನೆಲದಲ್ಲಿ ಸಹಜವಾಗಿ ಬದುಕುವ ಸರೀಸೃಪಗಳು ಆರೇ ಜಾತಿ. ಆಡರ್, ಗ್ರಾಸ್ ಸ್ನೇಕ್, ಸ್ಮೂತ್ ಸ್ನೇಕ್ ಅಂತ ಮೂರು ಹಾವು. ಕಾಮನ್ ಲಿಜರ್ಡ್, ಸ್ಯಾಂಡ್ ಲಿಜರ್ಡ್, ಮತ್ತು ಕಾಲೇ ಇಲ್ಲದೆ ಹಾವಿನಂತೆ ಕಾಣುವ ಸ್ಲೋ ವರ್ಮ್ ಅಂತ ಮೂರು ಹಲ್ಲಿ. ನಮ್ಮ ದೇಶದಲ್ಲಿ ಹಾವುಗಳೇ 300 ಜಾತಿಗೂ ಜಾಸ್ತಿ ಇವೆ, ಹೋಲಿಸುವ ಹಾಗೇ ಇಲ್ಲ. ಆರರಲ್ಲಿ ನಾಲ್ಕು ಮೊಟ್ಟೆಯ ಗೋಜಿಗೇ ಹೋಗದೆ ನೇರವಾಗಿ ಮರಿ ಹಾಕುತ್ತವೆ. ಚಳಿ ನೆಲದಲ್ಲಿ ಮೊಟ್ಟೆ ಬಿಟ್ಟು ಹೋಗುವುದಕ್ಕಿಂತ ಹೊಟ್ಟೆಯಲ್ಲಿಟ್ಟುಕೊಂಡು ಬಿಸಿಲಿಗೆ ಕೂರುವುದು ಲೇಸು. ಮೊಟ್ಟೆ ಇಡುವುದು ಗ್ರಾಸ್ ಸ್ನೇಕ್ ಮತ್ತು ಸ್ಯಾಂಡ್ ಲಿಜರ್ಡ್ ಮಾತ್ರ. ಗ್ರಾಸ್ ಸ್ನೇಕ್ ತಿಪ್ಪೆ ಹುಡುಕಿಕೊಂಡು ಬರುತ್ತದೆ. ಗೊಬ್ಬರ ಕೊಳೆಯುವಾಗ ಏಳುವ ಶಾಖವೇ ಅದರ ಮೊಟ್ಟೆಗೆ ಕಾವು. ಅದಕ್ಕೇ ಕೆಲವು ಕಡೆ ಸ್ವಯಂಸೇವಕರು ಹುಲ್ಲು, ಎಲೆ, ಕುದುರೆ ಲದ್ದಿ ಸೇರಿಸಿ ಬೇಕೆಂದೇ ತಿಪ್ಪೆ ಹಾಕಿಕೊಡುತ್ತಾರೆ.

ಸ್ಯಾಂಡ್ ಲಿಜರ್ಡ್ ಕಥೆ ಇನ್ನೂ ಸೂಕ್ಷ್ಮ. ನಮ್ಮ ಓತಿಕ್ಯಾತಕ್ಕಿಂತ ಸ್ವಲ್ಪ ದಪ್ಪ ಮೈ, ಏಪ್ರಿಲ್ ಮೇ ತಿಂಗಳಲ್ಲಿ ಗಂಡಿನ ಪಕ್ಕೆಗಳು ಗಿಣಿ ಹಸಿರು. ಯುರೋಪಿನ ಒಳನಾಡಿನಲ್ಲಿ ಇದು ಅಂಥ ಅಪರೂಪದ ಪ್ರಾಣಿಯೇನಲ್ಲ, ಹುಲ್ಲುಗಾವಲಿನಲ್ಲೂ ರೈಲು ಹಳಿ ಬದಿಯಲ್ಲೂ ಬದುಕುತ್ತದೆ. ಬ್ರಿಟನ್ ಅದರ ವಾಸದ ತಂಪು ಅಂಚು. ಹಾಗಾಗಿ ಅಲ್ಲಿ ಬೇಗ ಬಿಸಿಯಾಗುವ ಜಾಗಗಳಿಗೆ ಮಾತ್ರ ಅಂಟಿಕೊಂಡಿದೆ: ಹೀತ್ ಎಂಬ ಮರಳು ನೆಲದ ಕುರುಚಲು ಬಯಲು, ಕಡಲ ತೀರದ ಮರಳ ದಿಬ್ಬ. ಸಹಜವಾಗಿ ಉಳಿದುಕೊಂಡಿದ್ದು ಡಾರ್ಸೆಟ್, ಸರ್ರೆ ಮತ್ತು ಲಿವರ್‌ಪೂಲ್ ಹತ್ತಿರದ ಸೆಫ್ಟನ್ ಕರಾವಳಿಯಲ್ಲಿ ಮಾತ್ರ. ಹೆಣ್ಣು ಮೇ ಕೊನೆ, ಜೂನ್ ಹೊತ್ತಿಗೆ ಬರಿಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತದೆ. ಮರಳು ಬಿಸಿಲಿಗೆ ತೆರೆದಿರಬೇಕು. ಪಕ್ಕದಲ್ಲೇ ಓಡಿ ಅಡಗಲು ಪೊದೆಯೂ ಇರಬೇಕು. ಮೇಲೆ ಒಂದು ಬರ್ಚ್ ಮರ ಬೆಳೆದು ನೆರಳು ಬಿತ್ತೋ, ಮೊಟ್ಟೆ ಒಡೆಯುವುದಿಲ್ಲ. ಹಲ್ಲಿಯನ್ನು ಯಾರೂ ಕೊಂದಿಲ್ಲ, ಹಿಡಿದಿಲ್ಲ. ಆದರೂ ಸಂತಾನ ಅಲ್ಲಿಗೆ ನಿಂತಿತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಮನುಷ್ಯ ಗರಗಸ ಹಿಡಿದು ಬರುವ ಮೊದಲು ಈ ಜಾಗಗಳು ತೆರೆದಿದ್ದಾದರೂ ಹೇಗೆ? ಉತ್ತರ: ಆಗಲೂ ಮನುಷ್ಯನೇ ತೆರೆದಿಟ್ಟಿದ್ದ. ಹೀತ್ ಅನ್ನುವುದು ಮುಟ್ಟದ ಕಾಡಲ್ಲ. ಸಾವಿರಾರು ವರ್ಷಗಳ ಹಿಂದೆ ಮರ ಕಡಿದ ಬಡ ಮರಳು ನೆಲದಲ್ಲಿ ಹೆದರ್ ಎಂಬ ಗಿಡ್ಡ ಕುರುಚಲು ಗಿಡ ಹರಡಿತು. ಆಮೇಲೆ ಬಡ ರೈತರು ಅಲ್ಲಿ ದನ, ಕುದುರೆ ಮೇಯಿಸಿದರು, ಒಲೆಯಲ್ಲಿ ಉರಿಸಲು ಬೇರು ತುಂಬಿದ ನೆಲದ ಹೆಂಟೆ ಕಡಿದರು, ಮುಳ್ಳಿನ ಗಾರ್ಸ್ ಗಿಡವನ್ನು ಉರುವಲಿಗೆ ಒಯ್ದರು, ಜರಿಗಿಡ ಕೊಯ್ದು ಕೊಟ್ಟಿಗೆಗೆ ಹಾಸಿದರು. ಯಾರೂ ಹಲ್ಲಿಯ ಬಗ್ಗೆ ಯೋಚಿಸಿರಲಿಲ್ಲ. ಅವರ ಬಡತನದ ಬದುಕೇ ಹಲ್ಲಿಗೆ ಬಿಸಿಲು ಕೊಟ್ಟಿತು. ಕಲ್ಲಿದ್ದಲು, ಗ್ಯಾಸು ಬಂದ ಮೇಲೆ ಆ ಕೆಲಸಗಳೆಲ್ಲ ನಿಂತವು. ಒಂದಷ್ಟು ಬಯಲು ಹೊಲವಾಯಿತು, ಒಂದಷ್ಟು ಪೈನ್ ನೆಡುತೋಪು, ಒಂದಷ್ಟು ಊರು. ಇಂಗ್ಲೆಂಡಿನಲ್ಲಿ 1800ರ ಸುಮಾರಿಗೆ ಇದ್ದ ತಗ್ಗುನಾಡಿನ ಹೀತ್‌ನಲ್ಲಿ ಶೇಕಡಾ 80ಕ್ಕೂ ಜಾಸ್ತಿ ಹೋಗಿಯೇಬಿಟ್ಟಿದೆ. ಉಳಿದ ಚೂರುಗಳಲ್ಲಿ ದನವೂ ಇಲ್ಲ, ಕುಡುಗೋಲೂ ಇಲ್ಲ. ಗಾಳಿಯಲ್ಲಿ ಬಂದ ಬೀಜ ಮೊಳೆತು ಕೆಲವೇ ವರ್ಷಗಳಲ್ಲಿ ಮರವಾಗುತ್ತದೆ.

ಅಂದರೆ ಈ ಸ್ವಯಂಸೇವಕರು ಮಾಡುತ್ತಿರುವುದು ಸತ್ತುಹೋದ ಒಂದು ಹಳ್ಳಿ ಬದುಕಿನ ಕೂಲಿ ಕೆಲಸ. ಅದನ್ನು ಈಗ ಪುಕ್ಕಟೆಯಾಗಿ, ಬೇಕೆಂದೇ ಮಾಡುತ್ತಿದ್ದಾರೆ. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಕಡಿದ ಬರ್ಚ್ ಬುಡದಿಂದ ಮತ್ತೆ ಚಿಗುರುತ್ತದೆ, ಅದಕ್ಕೆ ಬುಡಕ್ಕೆ ಕಳೆನಾಶಕ ಹಚ್ಚುತ್ತಾರೆ. ಪರಿಸರದ ಕೆಲಸದಲ್ಲಿ ವಿಷವೇ ಅಂತ ಮುಖ ಸಿಂಡರಿಸುವವರು ಅಲ್ಲೂ ಇದ್ದಾರೆ. ಆದರೆ ಹಚ್ಚದಿದ್ದರೆ ಒಂದು ಮರ ಇದ್ದ ಕಡೆ ಹತ್ತು ಕವಲು ಏಳುತ್ತದೆ.

ಕೆಲಸದ ಕಾಲ ಗೊತ್ತುಮಾಡುವುದೇ ಒಂದು ತಲೆನೋವು. ಮಾರ್ಚಿನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುತ್ತವೆ, ಪೊದೆ ಮುಟ್ಟುವ ಹಾಗಿಲ್ಲ. ಹಾಗಾದರೆ ಚಳಿಗಾಲ. ಆದರೆ ಚಳಿಗಾಲದಲ್ಲಿ ಹಾವುಗಳು ನೆಲದೊಳಗೆ, ಹಳೆಯ ಬೇರಿನ ಸಂದಿಯಲ್ಲಿ, ಇಲಿ ಬಿಲದಲ್ಲಿ ಮಲಗಿರುತ್ತವೆ. ಬುಡ ಕೀಳಲು ಹೋದರೆ, ಅಥವಾ ಭಾರದ ಯಂತ್ರ ಓಡಿಸಿದರೆ, ಯಾರಿಗಾಗಿ ಕೆಲಸ ಮಾಡುತ್ತಿದ್ದೀರೋ ಅವರನ್ನೇ ಅಪ್ಪಚ್ಚಿ ಮಾಡಿದ ಹಾಗೆ. ಆಡರ್ ವರ್ಷವರ್ಷವೂ ಅದೇ ಚಳಿಗಾಲದ ಬಿಲಕ್ಕೆ ಮರಳುತ್ತದೆ, ಒಂದೇ ಬಿಲದಲ್ಲಿ ಹಲವು ಹಾವು ಸೇರುತ್ತವೆ. ಹಾಗಾಗಿ ಅಂಥ ಜಾಗಗಳಲ್ಲಿ ಬುಡ ಬಿಟ್ಟು ಮೇಲಿನದನ್ನು ಮಾತ್ರ ಕೈಯಿಂದ ಕಡಿಯಬೇಕು. ಆಳುಗಳ ಕೈಕೆಲಸ ಯಂತ್ರಕ್ಕಿಂತ ಮೇಲು ಅನಿಸುವುದು ಇಲ್ಲೇ. ಪುಕ್ಕಟೆ ಅನ್ನುವುದಕ್ಕಲ್ಲ, ನಿಧಾನ ಅನ್ನುವುದಕ್ಕೆ.

ಮರಳಿನ ಕೆಲಸ ನೋಡಲು ಏನೂ ಅಲ್ಲ ಅನಿಸುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಆರಿಸಿಕೊಳ್ಳುತ್ತಾರೆ. ಸನಿಕೆಯಿಂದ ಹುಲ್ಲಿನ ಹೆಂಟೆ ಎಬ್ಬಿಸಿ ಒಂದೆರಡು ಮಾರು ಅಗಲದ ಮರಳನ್ನು ಬಿಸಿಲಿಗೆ ಬಿಡುತ್ತಾರೆ. ಎಬ್ಬಿಸಿದ ಹೆಂಟೆಯನ್ನು ಪಕ್ಕದಲ್ಲೇ ಒಟ್ಟುತ್ತಾರೆ, ಅದೂ ಒಂದು ಅಡಗುತಾಣ. ಬೇಸಿಗೆಯಲ್ಲಿ ಬಂದು ನೋಡಿದರೆ ಹೆಣ್ಣು ಹಲ್ಲಿ ಅಲ್ಲಲ್ಲಿ ತೋಡಿ ಬಿಟ್ಟ ಸಣ್ಣ ಗುಂಡಿಗಳು, ಹಿಂದಕ್ಕೆ ಎರಚಿದ ಮರಳಿನ ಬೀಸಣಿಗೆ. ಒಂದೇ ಸಲಕ್ಕೆ ಜಾಗ ಹಿಡಿಸುವುದಿಲ್ಲ ಅದಕ್ಕೆ, ಇಲ್ಲಿ ತೋಡಿ, ಅಲ್ಲಿ ತೋಡಿ, ತೇವ ಶಾಖ ಎರಡೂ ಸರಿ ಅನಿಸಿದ ಮೇಲೇ ಮೊಟ್ಟೆ. ಎಣಿಸುವವರಿಗೆ ಆ ಗುಂಡಿಗಳೇ ಸಾಕ್ಷಿ. ವರ್ಷ ಕಳೆದರೆ ಹುಲ್ಲು ಮತ್ತೆ ಹಬ್ಬುತ್ತದೆ. ಮತ್ತೆ ಸನಿಕೆ.

ಇದೆಲ್ಲ ಮಾಡಿ ಫಲ ಸಿಕ್ಕಿದೆಯಾ? ಸ್ಯಾಂಡ್ ಲಿಜರ್ಡ್ ವಿಷಯದಲ್ಲಿ, ಹೌದು ಅಂತಲೇ ಹೇಳಬೇಕು. ಆಂಫಿಬಿಯನ್ ಅಂಡ್ ರೆಪ್ಟೈಲ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಸಂಸ್ಥೆ ಈಗ ಹತ್ತಾರು ತಾಣಗಳನ್ನು ನೋಡಿಕೊಳ್ಳುತ್ತದೆ, ಅದರ ಹಳೆಯ ರೂಪ ಶುರುವಾಗಿದ್ದು 1989ರಲ್ಲಿ. ಸಾಕಿ ಬೆಳೆಸಿದ ಮರಿಗಳನ್ನು ಸಿದ್ಧಪಡಿಸಿದ ಬಯಲುಗಳಿಗೆ ಬಿಟ್ಟಿದ್ದರಿಂದ ಹ್ಯಾಂಪ್‌ಶೈರ್, ವೆಸ್ಟ್ ಸಸೆಕ್ಸ್, ಡೆವನ್, ಕಾರ್ನ್‌ವಾಲ್, ಉತ್ತರ ವೇಲ್ಸ್‌ನಲ್ಲಿ ಹಲ್ಲಿ ಮತ್ತೆ ಕಾಣಿಸಿಕೊಂಡಿದೆ. ಸೆಫ್ಟನ್ ದಿಬ್ಬಗಳಲ್ಲೂ ಸ್ವಯಂಸೇವಕರು ಪೊದೆ ತೆಗೆದು ಮರಳು ತೆರೆದಿದ್ದಾರೆ. ಇಲ್ಲಿ ಗೆಲುವು ಸಿಕ್ಕಿದ್ದಕ್ಕೆ ಕಾರಣವಿದೆ. ಈ ಹಲ್ಲಿಗೆ ಬೇಕಾದದ್ದು ಸಣ್ಣದು, ಕಣ್ಣಿಗೆ ಕಾಣುವಂಥದ್ದು. ನಾಲ್ಕು ಜನ ಸನಿಕೆ ಹಿಡಿದರೆ ಒಂದು ಮಧ್ಯಾಹ್ನದಲ್ಲಿ ಕೊಡಬಹುದಾದದ್ದು.

ಆಡರ್‌ಗೆ ಅದು ಸಾಕಾಗುತ್ತಿಲ್ಲ. ಇದು ಬ್ರಿಟನ್ನಿನ ಒಂದೇ ವಿಷದ ಹಾವು, ಬೆನ್ನ ಮೇಲೆ ಅಂಕುಡೊಂಕು ಪಟ್ಟೆ. ಚಳಿ ಇಳಿಯುತ್ತಿದ್ದಂತೆ ಗಂಡುಗಳು ಹೊರಬಂದು ಗಾರ್ಸ್ ಪೊದೆಯ ಅಂಚಿನಲ್ಲಿ ಮೈಯನ್ನು ರೊಟ್ಟಿಯಂತೆ ಅಗಲ ಮಾಡಿಕೊಂಡು ವಾರಗಟ್ಟಲೆ ಬಿಸಿಲು ಕಾಯುತ್ತವೆ. ಆಗಲೇ ಸ್ವಯಂಸೇವಕರು ಹೋಗಿ ಎಣಿಸುವುದು. ಒಂದೊಂದರ ತಲೆಯ ಗುರುತೂ ಬೇರೆ, ಫೋಟೋ ನೋಡಿ ಇದು ಹೋದ ವರ್ಷದ್ದೇ ಅಂತ ಹೇಳಬಹುದು. 2005ರಲ್ಲಿ ಶುರುವಾದ ಈ ಎಣಿಕೆಯಲ್ಲಿ 260 ತಾಣಗಳ ಲೆಕ್ಕ ಸೇರಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ಕಹಿಯಾಗಿತ್ತು. ಹತ್ತರಲ್ಲಿ ಒಂಬತ್ತು ತಾಣಗಳಲ್ಲಿ ಇರುವುದೇ ಬೆರಳೆಣಿಕೆಯ ಹಾವು, ಆ ಸಣ್ಣ ಗುಂಪುಗಳು ಇನ್ನೂ ಕುಗ್ಗುತ್ತಿವೆ. ದೊಡ್ಡ ಗುಂಪು ಇರುವ ಕೆಲವೇ ಕಡೆ ಮಾತ್ರ ಸಂಖ್ಯೆ ಏರುತ್ತಿದೆ. ಹೀಗೇ ಹೋದರೆ 2032ರ ಹೊತ್ತಿಗೆ ಆಡರ್ ಆ ಕೆಲವು ತಾಣಗಳಿಗೆ ಮಾತ್ರ ಸೀಮಿತವಾಗಬಹುದು ಅಂತ ಅಂದಾಜು. ಎಣಿಸಿದವರು ಜಾಸ್ತಿ ಸಲ ಬೊಟ್ಟು ಮಾಡಿದ ತೊಂದರೆ ಯಾವುದು ಗೊತ್ತಾ? ಜನರ ಓಡಾಟ. ನಾಯಿ ಕರೆದುಕೊಂಡು ಬರುವವರು, ಫೋಟೋಗೆ ಹತ್ತಿರ ಹೋಗುವವರು.

ಸಣ್ಣ ಗುಂಪಿಗೆ ಎಷ್ಟು ಚೆಂದದ ಬಯಲು ಕೊಟ್ಟರೂ ಅದು ಕುಗ್ಗುವುದು ಯಾಕೆ? ಇದಕ್ಕೆ ಒಳ್ಳೆಯ ಉದಾಹರಣೆ ಸ್ವೀಡನ್ನಿನ ಸ್ಮಿಗೆಹುಕ್ ಎಂಬ ಕಡಲ ತೀರದ್ದು. ಸುತ್ತ ಹೊಲಗಳ ನಡುವೆ ಸಿಕ್ಕಿಕೊಂಡ ಅಲ್ಲಿನ ಆಡರ್‌ಗಳು ತಮ್ಮತಮ್ಮಲ್ಲೇ ಕೂಡಿ ಸತ್ತ ಮರಿ, ಅಂಗ ಸರಿಯಿಲ್ಲದ ಮರಿ ಹಾಕುತ್ತಿದ್ದವು. 1992ರಲ್ಲಿ ಸಂಶೋಧಕರು ಬೇರೆ ಕಡೆಯ 20 ಗಂಡು ಹಾವುಗಳನ್ನು ತಂದು ಬಿಟ್ಟರು, ನಾಲ್ಕು ಸಂತಾನಕಾಲ ಕಳೆದ ಮೇಲೆ ಅವುಗಳಲ್ಲಿ ಉಳಿದವನ್ನು ವಾಪಸ್ ಒಯ್ದರು. ಆಮೇಲೆ ಮರಿಗಳು ಉಳಿದವು, ಗುಂಪು ಹಿಗ್ಗಿತು. ಅಲ್ಲಿ ಕೊರತೆ ಇದ್ದದ್ದು ಬಿಸಿಲಿನದ್ದಲ್ಲ, ಹೊಸ ರಕ್ತದ್ದು. ಬಯಲು ಬಯಲಿಗೆ ನಡುವೆ ಹಾವು ಓಡಾಡುವ ದಾರಿ ಇದ್ದಿದ್ದರೆ ಇದೆಲ್ಲ ಬೇಕೇ ಇರಲಿಲ್ಲ. ಆ ದಾರಿಯಲ್ಲಿ ಈಗ ರಸ್ತೆ, ಮನೆ, ಹೊಲ. ಗರಗಸ ಹಿಡಿದ ಇಪ್ಪತ್ತು ಜನ ಹೆದ್ದಾರಿಯನ್ನು ಕಡಿಯಲಾರರು.

ಹಾಗಂತ ಆಳುಗಳ ಬದಲು ದನ ಬಿಟ್ಟರೆ ಸುಲಭ, ಹಿಂದೆಯೂ ದನವೇ ಮೇಯುತ್ತಿತ್ತಲ್ವಾ, ಅನ್ನುವ ವಾದ ಅಲ್ಲಿ ಜೋರಾಗಿದೆ. ಎಷ್ಟೋ ಬಯಲುಗಳಿಗೆ ಬೇಲಿ ಹಾಕಿ ದನ ಬಿಟ್ಟಿದ್ದಾರೆ. ಹಾವಿನವರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. ಡಾರ್ಸೆಟ್‌ನ ವೇರ್‌ಹ್ಯಾಮ್ ಕಾಡಿನಲ್ಲಿ ಸ್ಮೂತ್ ಸ್ನೇಕ್ ಮೇಲೆ ವರ್ಷಾನುಗಟ್ಟಲೆ ನಡೆದ ಅಧ್ಯಯನದಲ್ಲಿ, ದನ ಮೇಯುವುದು ನಿಂತ ಮೇಲೆ ಹಾವುಗಳು ಜಾಸ್ತಿಯಾದವು. ದನ ಬಲಿತ ಹೆದರ್ ಗಿಡವನ್ನು ತುಳಿದು, ಹುಲ್ಲನ್ನು ಗಿಡ್ಡ ಮಾಡಿ, ಹಾವಿಗೆ ಬೇಕಾದ ಅಡಗುತಾಣವನ್ನೇ ತೆಗೆಯುತ್ತದೆ. ನನಗೆ ಕಾಣುವುದು ಇಷ್ಟು: ಹಿಂದೆ ಬಯಲು ದೊಡ್ಡದಿತ್ತು, ಇಲ್ಲಿ ಮೇದರೆ ಅಲ್ಲಿ ಬೆಳೆಯುತ್ತಿತ್ತು. ಈಗಿನ ಚೂರಿನಲ್ಲಿ ಬೇಲಿಯೊಳಗೆ ದನ ಕೂಡಿದರೆ ಎಲ್ಲವೂ ಒಂದೇ ಎತ್ತರಕ್ಕೆ ಬರುತ್ತದೆ. ಹಾವಿಗೆ ಬೇಕಿರುವುದು ಏರುಪೇರು.

ಇದೇ ವೇರ್‌ಹ್ಯಾಮ್ ಕಾಡಿಗೆ 2020ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಸುಮಾರು 220 ಹೆಕ್ಟೇರ್ ಸುಟ್ಟಿತು. ಅದೇ ತಿಂಗಳ ಕೊನೆಗೆ ಸರ್ರೆಯ ಥರ್ಸ್‌ಲಿ ಬಯಲಿನಲ್ಲೂ ಬೆಂಕಿ. ಮೇ ಅಂದರೆ ಸರೀಸೃಪಗಳು ಪೂರಾ ಹೊರಗಿರುವ ತಿಂಗಳು. ಹತ್ತಿಪ್ಪತ್ತು ಚಳಿಗಾಲದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಬೋರ್ನ್‌ಮತ್, ಪೂಲ್ ಊರುಗಳು ಬಯಲಿನ ಅಂಚಿಗೇ ಬಂದು ನಿಂತಿವೆ. ಡಾರ್ಸೆಟ್ ಹೀತ್‌ನಿಂದ 400 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, 5 ಕಿಲೋಮೀಟರ್ ಒಳಗೆ ಕಟ್ಟಿದರೆ ಬಯಲಿನ ರಕ್ಷಣೆಗೆ ಹಣ ಕೊಡಬೇಕು ಎಂಬ ನಿಯಮ ಇದೆ. ಈ ನಿಯಮ ಹಲ್ಲಿಗೆ ಮಾಡಿದ ಉಪಕಾರ ಎಷ್ಟೋ ಗರಗಸಗಳಿಗಿಂತ ಜಾಸ್ತಿ ಅಂತ ನನ್ನ ಅಂದಾಜು. ಆದರೆ ಸುದ್ದಿಯಾಗುವುದು ಗರಗಸದ ಫೋಟೋ. ಸರ್ಕಾರಗಳಿಗೂ ಅದೇ ಹಿತ. ಸ್ವಯಂಸೇವಕರು ಇದ್ದಾರಲ್ಲ ಅಂತ ಸಂಬಳದ ಕಾವಲುಗಾರರನ್ನು ಕಮ್ಮಿ ಮಾಡುವುದು ಸುಲಭ. ಮೇಲಾಗಿ ಸ್ಯಾಂಡ್ ಲಿಜರ್ಡ್, ಸ್ಮೂತ್ ಸ್ನೇಕ್ ಮುಟ್ಟಲು ಪರವಾನಗಿ ಬೇಕು, ಬಿಲ ಎಲ್ಲಿದೆ ಅಂತ ತಿಳಿದ ಒಬ್ಬರು ಜೊತೆಗಿರಲೇಬೇಕು. ಆ ಒಬ್ಬರಿಗೆ ಸಂಬಳ ಇಲ್ಲದಿದ್ದರೆ ಉಳಿದವರ ಶ್ರಮ ಹಾವಿನ ಮೇಲೇ ಬೀಳಬಹುದು.

ಇನ್ನು ನಮ್ಮ ಕಡೆ. ಇದನ್ನು ಓದಿ ನಾಳೆಯೇ ಗರಗಸ ಹಿಡಿದು ಹೊರಡಬೇಡಿ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ. ಮಲೆನಾಡಿನ ಎಷ್ಟೋ ಹಲ್ಲಿ ಹಾವುಗಳಿಗೆ ಬೇಕಾದದ್ದು ದಟ್ಟ ನೆರಳು, ಕೊಳೆತ ಎಲೆ, ತೇವ. ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಮರ ತೆಗೆದು ಸಿಮೆಂಟ್ ಕಟ್ಟೆ, ಟೈಲ್ಸು ಹಾಕಿದ್ದಾರೆ. ಪೂಜೆ ಮುಂಚಿಗಿಂತ ಜೋರು, ಹಾವಿಗೆ ಮಾತ್ರ ಜಾಗ ಇಲ್ಲ. ಅಲ್ಲಿ ಮರ ಬೇಕು. ಆದರೆ ಉತ್ತರ ಕರ್ನಾಟಕದ ಕಲ್ಲು ಬಯಲು, ಬಯಲುಸೀಮೆಯ ಗೋಮಾಳ, ಕರಾವಳಿಯ ಮುರಕಲ್ಲಿನ ಪದವು, ಇಲ್ಲೆಲ್ಲ ಮರ ಬೇಡ. ಅಲ್ಲೇ ನಾವು ಗುಂಡಿ ತೋಡಿ ಅಕೇಶಿಯಾ ನೆಟ್ಟಿದ್ದು. ಬರಡು ಅಂತ ಕಂಡ ಆ ನೆಲ ಎಷ್ಟು ತುಂಬಿರುತ್ತದೆ ಅನ್ನುವುದಕ್ಕೆ ಮಹಾರಾಷ್ಟ್ರದ ಸತಾರಾ ಹತ್ತಿರದ ಚಾಲ್ಕೆವಾಡಿ ಬಯಲು ನೋಡಿ. ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು ಅಲ್ಲಿ ಗಾಳಿಯಂತ್ರ ಇರುವ ಕಡೆ ಮತ್ತು ಇಲ್ಲದ ಕಡೆ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರಗಳಿಂದ ಹದ್ದು ಗಿಡುಗ ಕಮ್ಮಿಯಾಗಿದ್ದವು. ಹಾಗಾಗಿ ಬೀಸಣಿಗೆಯಂತೆ ಗಂಟಲು ಬಿಚ್ಚುವ ಅಲ್ಲಿನ ಓತಿಕ್ಯಾತಗಳು ತುಂಬಾ ಜಾಸ್ತಿಯಾಗಿದ್ದವು. ಆದರೆ ಮೈ ಬಡಕಲು, ಗಂಡಿನ ಗಂಟಲಿನ ಬಣ್ಣವೂ ಮಂಕು. ಒಂದು ಬದಲಾವಣೆ ಒಂದು ಹಲ್ಲಿಯ ಗಂಟಲಿನವರೆಗೂ ಹೋಗುವ ಜಾಗವನ್ನು ಖರಾಬು ಜಮೀನು ಅಂತ ದಾಖಲೆಯಲ್ಲಿ ಬರೆದು ಬಿಡುತ್ತೇವೆ.

ಇನ್ನೊಂದು ದೊಡ್ಡ ವ್ಯತ್ಯಾಸ ವಿಷದ್ದು. ಬ್ರಿಟನ್ನಿನಲ್ಲಿ ಆಡರ್ ಕಚ್ಚಿ ಕೊನೆಯ ಸಾವು ಆಗಿದ್ದು 1975ರಲ್ಲಿ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ 58,000ದ ಹತ್ತಿರ. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಅದಕ್ಕೇ. ಲಂಡನ್ನಿನ ತೋಟದವರಿಗೆ ಹೇಳಿದಂತೆ ಹಿತ್ತಲಲ್ಲಿ ಕಟ್ಟಿಗೆ ರಾಶಿ ಹಾಕಿ, ಹಾವು ಬರಲಿ ಅಂತ ನಮ್ಮ ರೈತನಿಗೆ ಹೇಳುವುದು ಮೂರ್ಖತನ. ಇಲ್ಲಿ ಮನೆ ಸುತ್ತ ಚೊಕ್ಕಟ ಇರಬೇಕು, ಗೋಮಾಳದ ಕಲ್ಲು ಪೊದೆ ಹಾಗೇ ಇರಬೇಕು. ನಾವು ಮಾಡುತ್ತಿರುವುದು ತದ್ವಿರುದ್ಧ: ಗೋಮಾಳ ಸವರಿ ಲೇಔಟು ಮಾಡುತ್ತೇವೆ, ಲೇಔಟಿನ ಖಾಲಿ ಸೈಟಿನಲ್ಲಿ ಕಸ ಸುರಿದು ಇಲಿ ಸಾಕುತ್ತೇವೆ. ಆಮೇಲೆ ಹಾವು ಬಂತು ಅಂತ ಹಿಡಿಯುವವರಿಗೆ ಫೋನು.

ಬಯಲನ್ನು ಬಯಲಾಗಿಯೇ ಉಳಿಸುವುದು ಹೇಗೆ ಎಂಬ ಪ್ರಶ್ನೆ ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಈಗಲೇ ಎದುರಿಗಿದೆ. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದರ ರಕ್ಷಣೆಯ ಪ್ರಸ್ತಾವವನ್ನು ತಳ್ಳಿಹಾಕಿತ್ತು. 2024ರಲ್ಲಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಒಳ್ಳೆಯದೇ ಆಯಿತು. ಈಗ ನಿರ್ಧಾರ ಆಗಬೇಕಿರುವುದು ಒಳಗೆ ಏನು ಮಾಡಬೇಕು ಅನ್ನುವುದು. ಸುತ್ತಲ ಊರಿನವರು ತಲೆತಲಾಂತರದಿಂದ ಅಲ್ಲಿ ಕುರಿ ದನ ಮೇಯಿಸಿದ್ದಾರೆ. ಮೇಯುವುದು ಎಷ್ಟಿದ್ದರೆ ಸರಿ, ಎಲ್ಲಿ ಬೇಡ, ಯಾವ ತಿಂಗಳು ಬೇಡ ಅಂತ ಅವರ ಜೊತೆ ಕೂತು ಮಾತಾಡಿ ಗೊತ್ತುಮಾಡಬಹುದು. ಅದು ಬಿಟ್ಟು ಬೇಲಿ ಹಾಕಿ ಅವರನ್ನು ಹೊರಗಿಟ್ಟರೆ ನೀಲಗಿರಿ, ಲಂಟಾನ, ಜಾಲಿ ಸುಮ್ನೆ ಕೂರುವುದಿಲ್ಲ. ಆಗ ಶನಿವಾರ ಭಾನುವಾರ ಬೆಂಗಳೂರಿನಿಂದ ನಾವೇ ಗ್ಲೌಸು ಹಾಕಿಕೊಂಡು ಗರಗಸ ಹಿಡಿದು ಹೋಗಬೇಕಾಗುತ್ತದೆ, ಕುರಿ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸ ಮಾಡಲು.